ಆಳದ ಮರದ ಗೋಡೆಗೆ ಸ್ಟೋನ್ ವೂಲ್ ಬ್ಯಾಟ್: ಯಾವ ದಪ್ಪ, ಎಷ್ಟು ಪದರ, ಯಾವಾಗ ಬೇರೇದು ನೋಡ್ಬೇಕು

ಮರದ ಫ್ರೇಮ್ ಮನೆಗೆ ಇನ್ಸುಲೇಶನ್, ಅಂದ್ರೆ ಬಿಸಿ ಚಳಿ ದಾಟದ ಹಾಗೆ ಗೋಡೆಯೊಳಗೆ ತುಂಬೋ ವಸ್ತು, ಹಾಕಿಸೋರು ಮೊದಲು ಕೇಳೋದೇ ಕಲ್ಲಿನ ಎಳೆಯ ಸ್ಟೋನ್ ವೂಲ್ ಒಳ್ಳೇದಾ ಗಾಜಿನ ಎಳೆಯ ಫೈಬರ್‌ಗ್ಲಾಸ್ ಒಳ್ಳೇದಾ ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೇದು ನಿಮ್ಮ ಅಂಕಣ ನಿಜವಾಗ್ಲೂ ಎಷ್ಟು ಆಳ ಇದೆ ಅನ್ನೋದು, ಅಂಕಣ ಅಂದ್ರೆ ಗೋಡೆಯಲ್ಲಿ ನಿಂತಿರೋ ಎರಡು ಮರದ ಕಂಬ, ಅಂದ್ರೆ ಸ್ಟಡ್, ಮಧ್ಯೆ ಇಲ್ಲಾ ಎರಡು ಜಂತೆ ಮಧ್ಯೆ ಇರೋ ಖಾಲಿ ಜಾಗ, ಕ್ಯಾವಿಟಿ ಅಂತಾರಲ್ಲ ಅದೇ. ಮೂರೂವರೆ ಇಂಚಿನ ಸಾಮಾನ್ಯ ಗೋಡೆ ಆದ್ರೆ ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಬೇಡ, ಅದಕ್ಕೆ ಅಂತಲೇ ಮಾಡಿರೋ ಒಂದು ಬ್ಯಾಟ್, ಅಂದ್ರೆ ಎಳೆಗಳಿಂದ ಮಾಡಿ ಅಳತೆಗೆ ಕತ್ತರಿಸಿದ ದಪ್ಪ ಹಾಸು, ಸಿಗುತ್ತೆ, ತುಂಬಿದ್ರೆ ಮುಗೀತು. 7 ಇಂಚು, 9 ಇಂಚು, 11 ಇಂಚು ಅಂತ ಆಳ ಹೋದಾಗ್ಲೇ ಕಷ್ಟ ಶುರು, ಯಾಕಂದ್ರೆ ಬ್ಯಾಟ್ ಹಿಂದೆ ಉಳಿದ ಖಾಲಿ ಜಾಗ ಮುಂದೆ ನಿಂತು ನೋಡಿದ್ರೆ ಕಾಣಲ್ಲ, ಗೋಡೆ ಮುಚ್ಚಿದ ಮೇಲಂತೂ ಯಾರಿಗೂ ಗೊತ್ತಾಗಲ್ಲ, ಚಳಿಗಾಲದಲ್ಲಿ ಆ ಗೋಡೆ ಮುಟ್ಟಿದಾಗ ಮಾತ್ರ ಗೊತ್ತಾಗುತ್ತೆ.

ಮರಕ್ಕೆ ಕರೆಯೋ ಹೆಸರು ಒಂದು, ಅಳತೆ ಇನ್ನೊಂದು, ಇದನ್ನ ಮೊದಲು ನೆನಪಿಟ್ಕೊಳ್ಳಿ. ಉತ್ತರ ಅಮೆರಿಕದ 2×6 ಮರ ಟೇಪ್ ಇಟ್ಟು ಅಳೆದ್ರೆ 5.5 ಇಂಚು, 2×8 ಆದ್ರೆ 7.25, 2×10 ಆದ್ರೆ 9.25, 2×12 ಆದ್ರೆ 11.25. ಬ್ಯಾಟ್‌ಗಳ ದಪ್ಪನೂ ಈ ಅಳತೆ ನೋಡ್ಕೊಂಡೇ ಮಾಡಿರ್ತಾರೆ. ಆದ್ರೆ ಹಳೇ ಮನೆಗಳಲ್ಲಿ ಮರ ಪೂರ್ತಿ ಸೈಜಲ್ಲೇ ಕುಯ್ದಿರ್ತಾರೆ, 2×6 ಅಂದ್ರೆ ಹೆಚ್ಚುಕಮ್ಮಿ 6 ಇಂಚೇ ಇರುತ್ತೆ, ಅಲ್ಲಿ 5.5 ಇಂಚಿನ ಬ್ಯಾಟ್ ಹಾಕಿದ್ರೆ ಅರ್ಧ ಇಂಚು ಖಾಲಿ ಉಳೀತು ಅಂತಲೇ ಲೆಕ್ಕ. ಮೆಟ್ರಿಕ್ ಅಳತೆ ಇರೋ ಕಡೆ ಇನ್ನೂ ಸುಲಭ, ಪ್ಯಾಕೆಟ್ ಮೇಲೆ ಮಿಲಿಮೀಟರಲ್ಲಿ ದಪ್ಪ ಮತ್ತೆ ಲ್ಯಾಂಬ್ಡಾ, ಅಂದ್ರೆ ಆ ವಸ್ತುವಲ್ಲಿ ಬಿಸಿ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋ ಅಂಕೆ, ಎರಡೂ ಬರೆದಿರ್ತಾರೆ, ದಪ್ಪನ ಮೀಟರಿಗೆ ತಂದು ಲ್ಯಾಂಬ್ಡಾದಿಂದ ಭಾಗಿಸಿದ್ರೆ ಆರ್ ಬಂತು, ಅದು ಬಿಸಿ ದಾಟೋದನ್ನ ಎಷ್ಟು ತಡೆಯುತ್ತೆ ಅನ್ನೋ ನಂಬರ್, ಜಾಸ್ತಿ ಇದ್ದಷ್ಟೂ ಒಳ್ಳೇದು. 140 ಮಿಲಿಮೀಟರ್ ಬ್ಯಾಟು, ಲ್ಯಾಂಬ್ಡಾ 0.035 ಅಂದ್ರೆ 0.14 ಭಾಗಿಸು 0.035, ಸರಿಯಾಗಿ 4. ಅಮೆರಿಕದ ಲೆಕ್ಕಕ್ಕೆ ತರೋಕೆ 5.68ರಿಂದ ಗುಣಿಸಿ, ಆರ್-23ರ ಹತ್ರ ಬರುತ್ತೆ. ಎರಡೂ ಒಂದೇ ಮಾತು, ಬರೆಯೋ ರೀತಿ ಬೇರೆ ಅಷ್ಟೇ.

ಈಗ ಸ್ಟೋನ್ ವೂಲ್ ಬ್ಯಾಟ್‌ಗೆ ಬರೋಣ. ಬಸಾಲ್ಟ್ ಕಲ್ಲನ್ನ, ಜೊತೆಗೆ ಉಕ್ಕಿನ ಕುಲುಮೆಯಿಂದ ಬರೋ ಸ್ಲ್ಯಾಗನ್ನ, 1500 ಡಿಗ್ರಿ ಆಸುಪಾಸಲ್ಲಿ ಕರಗಿಸಿ, ತಿರುಗೋ ಚಕ್ರದ ಮೇಲೆ ಸುರಿದು ಎಳೆ ಮಾಡ್ತಾರೆ, ಸಕ್ಕರೆ ಪಾಕದಿಂದ ಬೊಂಬಾಯಿ ಮಿಠಾಯಿ ಎಳೆ ಎಳೆಯಾಗಿ ಬರುತ್ತಲ್ಲ ಹಾಗೆ. ಬ್ಯಾಟಿನ ತೂಕ ಘನ ಮೀಟರಿಗೆ ಸುಮಾರು 32 ಕೆಜಿ, ಸಾಧಾರಣ ಫೈಬರ್‌ಗ್ಲಾಸ್ ಬ್ಯಾಟ್ ಇದರ ಅರ್ಧಕ್ಕಿಂತ್ಲೂ ಹಗುರ. ಇಂಚಿಗೆ ಆರ್-4ಕ್ಕಿಂತ ಸ್ವಲ್ಪ ಮೇಲೆ ಕೊಡುತ್ತೆ, ಅಂದ್ರೆ 3.5 ಇಂಚಿಗೆ ಆರ್-15, 5.5 ಇಂಚಿಗೆ ಆರ್-22 ಇಲ್ಲಾ 23, 7.25 ಇಂಚಿಗೆ ಆರ್-30ರ ಹತ್ರ, ಕಂಪನಿಯಿಂದ ಕಂಪನಿಗೆ ಒಂದೆರಡು ಆಚೀಚೆ ಆಗುತ್ತೆ. ಈ ನಂಬರ್ ಪ್ಯಾಕೆಟ್ ಮೇಲೆ ಇರ್ಲೇಬೇಕು ಅಂತ ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲೇ ರೂಲ್ ಮಾಡಿದೆ, ಹಾಗಾಗಿ ಅಂಗಡಿಯೋರ ಬಾಯಿಮಾತು ಕೇಳೋ ಬದಲು ಪ್ಯಾಕೆಟ್ ತಿರುಗಿಸಿ ಓದಿ, ಆರ್ ಎಷ್ಟು ಅಂತ ಮಾತ್ರ ಅಲ್ಲ, ಅದು ಯಾವ ದಪ್ಪಕ್ಕೆ ಅಂತಲೂ ಓದಿ.

ಆಳದ ಅಂಕಣಕ್ಕೆ ಎರಡು ದಾರಿ, ಒಂದೇ ದಪ್ಪ ಬ್ಯಾಟು, ಇಲ್ಲಾಂದ್ರೆ ಎರಡು ಮೂರು ತೆಳು ಬ್ಯಾಟ್ ಒಂದರ ಮೇಲೊಂದು. 2×8ಗೆ ಯೋಚನೆ ಬೇಡ, 7.25 ಇಂಚಿನದು ಒಂದೇ ಹಾಕಿ, ಎರಡು 3.5 ಸೇರಿಸಿದ್ರೆ 7 ಇಂಚು ಆಗುತ್ತೆ, ಕಾಲು ಇಂಚು ಕಮ್ಮಿ, ಕೆಲಸ ಎರಡರಷ್ಟು. 2×10ಗೆ ಮಾತ್ರ ನನಗೆ ಯಾವಾಗ್ಲೂ ಪದರಾನೇ ಇಷ್ಟ: 5.5 ಜೊತೆ 3.5, ಒಟ್ಟು 9 ಇಂಚು, ಆರ್-38, ಮಿಕ್ಕಿದ್ದು ಕಾಲು ಇಂಚು ಮಾತ್ರ. 2×12ಗೆ ಎರಡು 5.5 ಹಾಕಿದ್ರೆ 11 ಇಂಚು, ಆರ್-46, ಇಲ್ಲೂ ಕಾಲು ಇಂಚೇ ಉಳಿಯೋದು. 7.25 ಜೊತೆ 3.5 ಹಾಕಿದ್ರೂ 10.75 ಆಗುತ್ತೆ, ಆರ್-45, ಹೆಚ್ಚು ವ್ಯತ್ಯಾಸ ಇಲ್ಲ, ಯಾವುದು ಸಿಗುತ್ತೋ ಅದು. ಆ ಕಾಲು ಇಂಚು ಎಲ್ಲಿ ಉಳೀಬೇಕು ಅನ್ನೋದೂ ಮುಖ್ಯ, ಹಿಂದಿನ ಬ್ಯಾಟನ್ನ ಹೊರಗಿನ ಹಲಗೆಗೆ ಪೂರ್ತಿ ತಾಗೋ ಹಾಗೆ ತಳ್ಳಿ, ಎರಡನೇದನ್ನ ಮೊದಲನೇದಕ್ಕೆ ಅಂಟಿದ ಹಾಗೆ ಕೂರಿಸಿ, ಉಳಿದಿದ್ದು ಒಳಗಡೆ ಒಂದೇ ಕಡೆ ಬರ್ಲಿ. ಹಿಂದೆ ಸ್ವಲ್ಪ ಮುಂದೆ ಸ್ವಲ್ಪ ಖಾಲಿ ಬಿಟ್ರೆ ಒಂದು ಕಡೆ ಬಿಸಿ ಗಾಳಿ ಮೇಲೆ ಹೋಗಿ ಇನ್ನೊಂದು ಕಡೆ ತಣ್ಣಗಾಗಿ ಕೆಳಗೆ ಇಳಿದು ಬ್ಯಾಟ್ ಸುತ್ತಾನೇ ಸುತ್ತುತ್ತಾ ಇರುತ್ತೆ, ಮಧ್ಯದಲ್ಲಿ ಆರ್-38 ಇದ್ರೂ ಗಾಳಿ ಅದನ್ನ ಬಳಸ್ಕೊಂಡು ಹೋಗಿಬಿಡುತ್ತೆ.

ಪದರಗಳಲ್ಲಿ ಇನ್ನೂ ಎರಡು ಲಾಭ ಇದೆ. ಬ್ಯಾಟ್ ಉದ್ದ ಸಾಮಾನ್ಯವಾಗಿ 47 ಇಂಚು, ಎತ್ತರದ ಗೋಡೆಯಲ್ಲಿ ಒಂದರ ತಲೆಗೆ ಇನ್ನೊಂದು ಕೂತು ಜಾಯಿಂಟ್ ಬಂದೇ ಬರುತ್ತೆ, ಹಿಂದಿನ ಪದರದ ಜಾಯಿಂಟ್ ಮೇಲೆ ಮುಂದಿನ ಪದರದ ನಡುಭಾಗ ಬರೋ ಹಾಗೆ ಇಟ್ರೆ ಇಟ್ಟಿಗೆ ಕಟ್ಟೋ ಥರ ಸಂದು ಮುಚ್ಚಿಹೋಗುತ್ತೆ. ಇನ್ನೊಂದು ವೈರಿಂಗು. ಒಂದೇ ದಪ್ಪ ಬ್ಯಾಟ್ ಆದ್ರೆ ಅಡ್ಡ ಹೋಗೋ ಕೇಬಲ್ ಎಷ್ಟು ಆಳದಲ್ಲಿದೆ ಅಂತ ನೋಡಿ, ಅಷ್ಟೇ ಆಳಕ್ಕೆ ಬ್ಯಾಟನ್ನ ಸೀಳಿ, ಅರ್ಧ ಕೇಬಲ್ ಹಿಂದೆ ಅರ್ಧ ಮುಂದೆ ತೂರಿಸ್ಬೇಕು. ಎಲೆಕ್ಟ್ರಿಷಿಯನ್ ಹತ್ರ ಮೊದಲೇ ಮಾತಾಡ್ಕೊಂಡು ಒಳಮುಖದಿಂದ ಮೂರೂವರೆ ಇಂಚು ಹಿಂದೆ ತೂತು ಕೊರೆಸಿದ್ರೆ ಎರಡು ಪದರದ ಮಧ್ಯೆ ಕೇಬಲ್ ಆರಾಮಾಗಿ ಕೂರುತ್ತೆ, ಒಂದು ಸೀಳೂ ಬೇಡ. ಆದ್ರೆ ಸ್ಟಡ್ ಎಷ್ಟು ಕೊರೀಬಹುದು ಅನ್ನೋದಕ್ಕೆ ಮಿತಿ ಇದೆ, ಭಾರ ಹೊರೋ ಗೋಡೆ ಆದ್ರೆ ಇನ್ನೂ ಬಿಗಿ, ಅದನ್ನ ಕೇಳ್ಕೊಂಡೇ ಮಾಡಿ.

ಫೈಬರ್‌ಗ್ಲಾಸ್ ಜೊತೆ ಹೋಲಿಸೋಣ. ಇಲ್ಲಿ ನಾನು ಸ್ಟೋನ್ ವೂಲ್ ಪರ ಇದ್ದೀನಿ, ಆದ್ರೆ ಜನ ಹೇಳೋ ಕಾರಣಕ್ಕಲ್ಲ. ಜನ ಆರ್ ನಂಬರ್ ತೋರಿಸ್ತಾರೆ, 2×6 ಗೋಡೆಗೆ ಸ್ಟೋನ್ ವೂಲ್ 23, ಹೈ ಡೆನ್ಸಿಟಿ ಫೈಬರ್‌ಗ್ಲಾಸ್ 21, ಸಾಧಾರಣ ಫೈಬರ್‌ಗ್ಲಾಸ್ 19 ಅಂತ. ಆ 19ಕ್ಕೆ ಬ್ಯಾಟ್ ಪೂರ್ತಿ 6.25 ಇಂಚು ಉಬ್ಬಿರ್ಬೇಕು, 5.5ಕ್ಕೆ ಅಮುಕಿದ್ರೆ 18 ಆಗುತ್ತೆ. ಸರಿ, ಆದ್ರೆ ಗೋಡೆ ಅಂದ್ರೆ ಬರೀ ಬ್ಯಾಟ್ ಅಲ್ಲ, ಮರಾನೂ ಇದೆ. ಸ್ಟಡ್ಡು, ಮೇಲಿನ ಪ್ಲೇಟು ಕೆಳಗಿನ ಪ್ಲೇಟು ಅನ್ನೋ ಅಡ್ಡ ಮರಗಳು, ಕಿಟಕಿ ಸುತ್ತ ಜೋಡಿ ಸ್ಟಡ್ಡು ಎಲ್ಲಾ ಸೇರಿ 16 ಇಂಚಿಗೊಂದು ಸ್ಟಡ್ ಇರೋ ಗೋಡೆಯಲ್ಲಿ ನೂರಕ್ಕೆ 25 ಭಾಗ ಮರ ಅಂತ ಲೆಕ್ಕ ಹಾಕ್ತಾರೆ. ಮೆದು ಮರ ಇಂಚಿಗೆ ಆರ್-1.25, ಐದೂವರೆ ಇಂಚಿಗೆ ಹತ್ರ ಹತ್ರ ಆರ್-7. ಎರಡೂ ಸೇರಿಸಿ ಲೆಕ್ಕ ಹಾಕಿದ್ರೆ ಸ್ಟೋನ್ ವೂಲ್ ಗೋಡೆ ಆರ್-14.5, ಹೈ ಡೆನ್ಸಿಟಿ ಫೈಬರ್‌ಗ್ಲಾಸ್ ಗೋಡೆ 13.9, ಸಾಧಾರಣದ್ದು 12.8. ಹೈ ಡೆನ್ಸಿಟಿ ಜೊತೆ ಪ್ಯಾಕೆಟ್ ಮೇಲೆ ಆರ್-2 ವ್ಯತ್ಯಾಸ ಕಂಡಿದ್ದು ಗೋಡೆಯಲ್ಲಿ ಆರ್-0.6 ಅಷ್ಟೇ ಉಳೀತು. ಅದೇ ಗೋಡೆಯ ಹೊರಗಡೆ ಎರಡು ಇಂಚು ಸ್ಟೋನ್ ವೂಲ್ ಬೋರ್ಡ್ ಹೊದಿಸಿದ್ರೆ ಮರದ ಮೇಲೂ ಹೊದಿಕೆ ಬಂದು ಒಟ್ಟು ಆರ್ 22 ದಾಟುತ್ತೆ. ಹಾಗಾಗಿ ಬರೀ ನಂಬರಿಗೋಸ್ಕರ ಜಾಸ್ತಿ ದುಡ್ಡು ಕೊಟ್ಟು ಸ್ಟೋನ್ ವೂಲ್ ತಗೋಬೇಡಿ, ಆ ದುಡ್ಡನ್ನ ಹೊರ ಹೊದಿಕೆಗೆ ಹಾಕೋಕೆ ಆಗೋದಾದ್ರೆ ಅಲ್ಲಿ ಹಾಕಿ.

ಮತ್ತೆ ಯಾಕೆ ಸ್ಟೋನ್ ವೂಲ್ ಅಂದ್ರೆ, ಅದು ಕೂತ ಕಡೆ ಕೂರುತ್ತೆ ಅನ್ನೋದಕ್ಕೆ. ಇದನ್ನ ಕೈಯಲ್ಲಿ ಹಿಡಿದ್ರೇನೇ ಅರ್ಥ ಆಗೋದು. ಬ್ಯಾಟಿನ ಒಂದು ಅಂಚು ಮೆತ್ತಗೆ ಇರುತ್ತೆ, ಆ ಅಂಚನ್ನ ಸ್ಟಡ್ಡಿಗೆ ಒತ್ತಿ ಹಿಡ್ಕೊಂಡು ಇನ್ನೊಂದು ಅಂಚನ್ನ ಒಳಗೆ ತೂರಿಸಿ ಕೈ ಬಿಟ್ರೆ ಸ್ಪ್ರಿಂಗ್ ಥರ ಅಗಲಿಸ್ಕೊಂಡು ಎರಡೂ ಕಡೆ ಮರಕ್ಕೆ ಕಚ್ಕೊಳ್ಳುತ್ತೆ, ಸ್ಟೇಪಲ್ ಬೇಡ ದಾರ ಬೇಡ. ಕತ್ತರಿಸೋಕೆ ಹಲ್ಲಿರೋ ಬ್ರೆಡ್ ಚಾಕು ಸಾಕು, ಗರಗಸದ ಥರ ಎಳೀಬೇಕು, ಒತ್ತಬಾರದು, ಒತ್ತಿದ್ರೆ ಪುಡಿ ಉದುರಿ ಅಂಚು ಕಿತ್ತೋಗುತ್ತೆ. ಸರಿಯಾಗಿ ಕತ್ತರಿಸಿದ ಅಂಚು ಬೆಣ್ಣೆ ಕುಯ್ದ ಹಾಗೆ ನೇರ ಬರುತ್ತೆ, ಪೈಪ್ ಸುತ್ತ ಅರ್ಧ ಚಂದ್ರಾಕಾರ ಕೆತ್ತಬಹುದು, ಸ್ವಿಚ್ ಬಾಕ್ಸ್ ಹಿಂದೆ ಕೂರೋಕೆ ಅದೇ ಸೈಜಿನ ಗುಳಿ ತೋಡಬಹುದು. ಅಳತೆಗಿಂತ ಅರ್ಧ ಇಂಚು ಜಾಸ್ತಿ ಇಟ್ಟೇ ಕತ್ತರಿಸಿ, ಆ ಬಿಗಿನೇ ಅದನ್ನ ಹಿಡ್ಕೊಳ್ಳೋದು. ಫೈಬರ್‌ಗ್ಲಾಸ್ ಮೆತ್ತಗೆ, ಮೂಲೆಗೆ ತಳ್ಳಿದ್ರೆ ಮೂಲೆ ದುಂಡಗಾಗುತ್ತೆ, ವೈರ್ ಹಿಂದೆ ಸಿಕ್ಕಿದ್ರೆ ಅಮುಕಿಕೊಂಡೇ ಇರುತ್ತೆ, ಮುಂದಿಂದ ನೋಡಿದ್ರೆ ಮಾತ್ರ ತುಂಬಿದ ಹಾಗೆ ಕಾಣುತ್ತೆ.

ಒಂದು ಸೀಳು ಎಷ್ಟು ನಷ್ಟ ಮಾಡುತ್ತೆ ಅಂತ ಲೆಕ್ಕ ಹಾಕಿ ನೋಡಿದ ಮೇಲೆ ನಾನು ಈ ವಿಷಯದಲ್ಲಿ ರಾಜಿ ಆಗೋದು ಬಿಟ್ಟೆ. 16 ಇಂಚಿನ ಸ್ಟಡ್ ಗೋಡೆಯಲ್ಲಿ ಅಂಕಣದ ಅಗಲ 14.5 ಇಂಚು. ಬ್ಯಾಟಿನ ಒಂದು ಪಕ್ಕ ಉದ್ದಕ್ಕೂ 7 ಮಿಲಿಮೀಟರ್ ಸೀಳು ಉಳೀತು ಅಂದ್ಕೊಳ್ಳಿ, ಕಿರುಬೆರಳೂ ಹೋಗಲ್ಲ ಅದರಲ್ಲಿ, ಅದು ಅಂಕಣದ ನೂರಕ್ಕೆ 2 ಭಾಗ. ಅಷ್ಟು ಜಾಗಕ್ಕೆ ಆರ್-1 ಅಂತ ಇಟ್ಟು ಸರಳವಾಗಿ ಲೆಕ್ಕ ಹಾಕಿದ್ರೆ ಆರ್-23 ಇರೋ ಅಂಕಣ ಆರ್-16ಕ್ಕೆ ಇಳಿಯುತ್ತೆ. ನೂರಕ್ಕೆ 5 ಭಾಗ ಖಾಲಿ ಬಿಟ್ರೆ ಆರ್-11. ಅಂದ್ರೆ ಚೆನ್ನಾಗಿ ಕೂರಿಸಿದ ಸಾಧಾರಣ ಫೈಬರ್‌ಗ್ಲಾಸು ಅಡ್ಡಾದಿಡ್ಡಿ ಹಾಕಿದ ಸ್ಟೋನ್ ವೂಲಿಗಿಂತ ಎಷ್ಟೋ ಮೇಲು, ಹಾಕೋರ ಕೈ ಚೆನ್ನಾಗಿದ್ರೆ ಫೈಬರ್‌ಗ್ಲಾಸ್‌ಗೆ ಹೋದ್ರೂ ನಾನು ಬೇಡ ಅನ್ನಲ್ಲ. ನೀವೇ ಸ್ವತಃ ಹಾಕ್ತೀರಿ, ಮೊದಲ ಸಲ ಹಾಕ್ತೀರಿ ಅಂದ್ರೆ ಸ್ಟೋನ್ ವೂಲ್ ತಗೊಳ್ಳಿ, ತಪ್ಪು ಮಾಡೋದು ಕಷ್ಟ, ಮಾಡಿದ್ರೂ ಕಣ್ಣಿಗೆ ಕಾಣುತ್ತೆ.

ಆಳ ಜಾಸ್ತಿ ಆದಷ್ಟೂ ಈ ವ್ಯತ್ಯಾಸ ಬೆಳೀತಾ ಹೋಗುತ್ತೆ. ಆರ್-30 ಅಂತ ಬರೆದಿರೋ ಸಾಧಾರಣ ಫೈಬರ್‌ಗ್ಲಾಸ್ ಬ್ಯಾಟ್ ಒಂಬತ್ತೂವರೆ ಇಂಚು ದಪ್ಪ, ಅದನ್ನ 2×8ರ 7.25 ಇಂಚಿಗೆ ತುರುಕಿದ್ರೆ 26ರ ಆಸುಪಾಸಿಗೆ ಬರುತ್ತೆ, ಮೇಲೆ ಹಾಕೋ ಡ್ರೈವಾಲನ್ನ, ಅಂದ್ರೆ ಜಿಪ್ಸಮ್ ಹಲಗೆಯನ್ನ, ಒಳಗಿಂದ ತಳ್ತಾ ಇರುತ್ತೆ. ಅದೇ ಉಲ್ಟಾ, 2×12ರಲ್ಲಿ ಅದನ್ನ ಹಾಕಿದ್ರೆ ಒಂದೂಮುಕ್ಕಾಲು ಇಂಚು ಖಾಲಿ. ಆಳದ ಅಂಕಣಕ್ಕೆ ಅಂತ ಹೆಚ್ಚು ಒತ್ತಾಗಿ ಮಾಡಿರೋ ಕೆಥೀಡ್ರಲ್ ಬ್ಯಾಟ್ ಫೈಬರ್‌ಗ್ಲಾಸಲ್ಲೂ ಸಿಗುತ್ತೆ, ಆರ್-30 ಎಂಟೂಕಾಲು ಇಂಚಲ್ಲಿ, ಆರ್-38 ಹತ್ತೂಕಾಲು ಇಂಚಲ್ಲಿ, ಫೈಬರ್‌ಗ್ಲಾಸೇ ಹಾಕೋದಾದ್ರೆ ಅದನ್ನ ಕೇಳಿ ತಗೊಳ್ಳಿ. ಸ್ಟೋನ್ ವೂಲ್ ಮಾತ್ರ ಅಮುಕೋಕೆ ಬಗ್ಗಲ್ಲ, ಅದನ್ನ ಅಳತೆಗೆ ಸರಿಯಾಗೇ ಆರಿಸ್ಬೇಕು. ಅಂಗಿ ಹೊಲಿಸೋ ಹಾಗೆ, ದೊಡ್ಡದು ತಂದು ಒಳಗೆ ಮಡಚಿಕೊಳ್ಳೋ ಮಾತಿಲ್ಲ.

ಬ್ಯಾಟೇ ಬೇಡ ಅನ್ನೋ ಸಂದರ್ಭಾನೂ ಇದೆ. ಎರಡು 2×4 ಗೋಡೆ ಎದುರು ಬದುರು ನಿಲ್ಲಿಸಿ ಮಧ್ಯೆ ಜಾಗ ಬಿಟ್ಟು ಕಟ್ಟೋ ಜೋಡಿ ಸ್ಟಡ್ ಗೋಡೆ ಇರುತ್ತಲ್ಲ, ಹತ್ತು ಹನ್ನೆರಡು ಇಂಚು ಆಳ, ಅಲ್ಲಿ ಮೂರು ಪದರ ಮೂರೂವರೆ ಇಂಚಿನ ಸ್ಟೋನ್ ವೂಲ್ ಹಾಕಿ ನಡುವಿನ ಪದರನ ಅಡ್ಡಡ್ಡ ಮಲಗಿಸಿದ್ರೆ ಸ್ಟಡ್‌ಗಳ ಹಿಂದೆನೂ ಇನ್ಸುಲೇಶನ್ ಬರುತ್ತೆ, ಹತ್ತೂವರೆ ಇಂಚಿಗೆ ಆರ್-45, ತುಂಬಾ ಚೆನ್ನಾಗಿರುತ್ತೆ. ಆದ್ರೆ ಒಂದೊಂದು ಪದರನೂ ತಾಳ್ಮೆಯಿಂದ ಕೂರಿಸ್ಬೇಕು, ದೊಡ್ಡ ಮನೆ ಆದ್ರೆ ಅದು ದಿನಗಟ್ಟಲೆ ಕೆಲಸ. ಅಂಥ ಕಡೆ ಸೆಲ್ಯುಲೋಸನ್ನ ಬ್ಲೋಯರಿಂದ ಒತ್ತಿ ತುಂಬಿಸೋದು ನನ್ನ ಮೊದಲ ಆಯ್ಕೆ, ಹಳೇ ಪೇಪರಿಂದ ಮಾಡಿರೋದು, ಬೋರೇಟ್ ಸೇರಿಸಿರೋದ್ರಿಂದ ಸುಲಭಕ್ಕೆ ಹೊತ್ಕೊಳ್ಳಲ್ಲ, ಇಂಚಿಗೆ ಆರ್-3.7ರ ಆಸುಪಾಸು, ಸ್ಟೋನ್ ವೂಲಿಗಿಂತ ಸ್ವಲ್ಪ ಕಮ್ಮಿ, ಆದ್ರೆ ಸಂದುಗೊಂದುಗೆಲ್ಲ ಹೊಕ್ಕುತ್ತೆ, ತೇವ ಬಂದ್ರೆ ಒಂದಷ್ಟು ಹೀರ್ಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತೆ. ಮೆಷಿನ್ ಬೇಕು, ಅನುಭವ ಇರೋರು ಬೇಕು, ಸರಿಯಾಗಿ ಒತ್ತದೇ ಹೋದ್ರೆ ವರ್ಷ ಕಳೆದ ಮೇಲೆ ಮೇಲ್ಗಡೆ ಕುಸಿದು ಖಾಲಿ ಬೀಳುತ್ತೆ. ಸ್ಪ್ರೇ ಫೋಮಲ್ಲಿ ಕ್ಲೋಸ್ಡ್ ಸೆಲ್ ಇಂಚಿಗೆ ಆರ್-6ರಿಂದ 7 ಕೊಡುತ್ತೆ, ಗಾಳಿನೂ ತಡೆಯುತ್ತೆ, ಜಾಗ ಕಮ್ಮಿ ಇದ್ದಾಗ ಅದಕ್ಕೆ ಸಾಟಿ ಇಲ್ಲ. ಆದ್ರೆ ಆಳ ಧಾರಾಳವಾಗಿ ಇರೋ ಕಡೆ ಅಷ್ಟು ದುಬಾರಿ ವಸ್ತು ತುಂಬಿಸೋದ್ರಲ್ಲಿ ನನಗೆ ಅರ್ಥ ಕಾಣಲ್ಲ, ನಾಳೆ ಒಂದು ಪೈಪ್ ಸರಿ ಮಾಡೋಕೆ ಗೋಡೆ ತೆಗೆದ್ರೆ ಬ್ಯಾಟ್ ಎತ್ತಿ ಪಕ್ಕಕ್ಕಿಟ್ಟು ವಾಪಸ್ ಹಾಕಬಹುದು, ಫೋಮ್ ಆದ್ರೆ ಕೆತ್ತಿ ತೆಗೀಬೇಕು.

ಈಗ ನಿಜಕ್ಕೂ ಎಚ್ಚರ ಬೇಕಾಗಿರೋ ವಿಷಯ, ತೇವ. ಸ್ಟೋನ್ ವೂಲ್ ನೀರು ಹೀರಲ್ಲ, ಒಂದು ತುಂಡಿನ ಮೇಲೆ ನೀರು ಹಾಕಿ ನೋಡಿ, ಕೆಸುವಿನ ಎಲೆ ಮೇಲಿನ ಹನಿ ಹಾಗೆ ಉರುಳಿ ಹೋಗುತ್ತೆ. ಇದನ್ನ ನೋಡಿದ ಎಷ್ಟೋ ಜನ ಹಾಗಾದ್ರೆ ತೇವದ ಚಿಂತೆನೇ ಇಲ್ಲ ಅಂದ್ಕೋತಾರೆ, ಅದು ಪೂರ್ತಿ ತಪ್ಪು. ನೀರಿನ ಹನಿ ಹೋಗಲ್ಲ, ಆದ್ರೆ ಆವಿ ಸಲೀಸಾಗಿ ಹೋಗುತ್ತೆ, ಗಾಳಿನೂ ಹೋಗುತ್ತೆ. ಚಳಿ ದೇಶದಲ್ಲಿ ಮನೆಯೊಳಗಿನ ಬೆಚ್ಚಗಿನ ಗಾಳಿ ಸಂದಿಯಲ್ಲಿ ನುಗ್ಗಿ ಬ್ಯಾಟ್ ದಾಟಿ ಹೊರಗಿನ ಹಲಗೆ ಮುಟ್ಟಿದಾಗ ಅಲ್ಲಿ ಬೆವರು ಕಟ್ಟುತ್ತೆ. ಮತ್ತೆ ಇನ್ಸುಲೇಶನ್ ಆಳ ಆದಷ್ಟೂ ಒಳಗಿನ ಬಿಸಿ ಹೊರ ಹಲಗೆಗೆ ಕಮ್ಮಿ ತಲುಪುತ್ತೆ, ಹಲಗೆ ಇನ್ನೂ ತಣ್ಣಗೆ ಇರುತ್ತೆ, ಒದ್ದೆ ಆದ್ರೆ ಒಣಗೋಕೆ ಇನ್ನೂ ಹೊತ್ತು ಹಿಡಿಯುತ್ತೆ. ಮೂರೂವರೆ ಇಂಚಿನ ಗೋಡೆ ಕ್ಷಮಿಸಿಬಿಡೋ ತಪ್ಪನ್ನ ಹನ್ನೊಂದು ಇಂಚಿನ ಗೋಡೆ ಕ್ಷಮಿಸಲ್ಲ. ಬ್ಯಾಟ್ ಕೊಳೆಯಲ್ಲ, ನಿಜ, ಕೊಳೆಯೋದು ಅದರ ಹಿಂದಿರೋ ಮರ.

ಅದಕ್ಕೇ ಬ್ಯಾಟ್ ಆರಿಸುವಾಗ್ಲೇ ಗಾಳಿ ತಡೆಯೋ ಪದರ ಯಾವುದು ಅಂತಲೂ ತೀರ್ಮಾನ ಮಾಡಿ. ಫೈಬರ್‌ಗ್ಲಾಸ್ ಬ್ಯಾಟ್‌ಗಳಲ್ಲಿ ಎಷ್ಟೋ ಒಂದು ಕಡೆ ಕ್ರಾಫ್ಟ್ ಪೇಪರ್ ಅಂಟಿಸಿಕೊಂಡು ಬರುತ್ತೆ, ಆ ಪೇಪರೇ ಆವಿಯನ್ನ ಒಂದಷ್ಟು ತಡೆಯುತ್ತೆ, ಆದ್ರೆ ಸ್ಟೋನ್ ವೂಲ್ ಬ್ಯಾಟ್ ಸಾಮಾನ್ಯವಾಗಿ ಬರಿಮೈಯಲ್ಲೇ ಬರೋದು. ಕೋಡ್, ಅಂದ್ರೆ ಕಟ್ಟಡ ನಿಯಮದ ಪ್ರಕಾರ ಚಳಿ ಜಾಸ್ತಿ ಇರೋ ಕಡೆ, ಅಮೆರಿಕದ ಲೆಕ್ಕದಲ್ಲಿ 5ನೇ ವಲಯದಿಂದ ಮೇಲೆ, ಒಳಗಡೆ ಆವಿ ತಡೆ ಬೇಕು, ಅದನ್ನ ಬೇರೆಯಾಗಿ ಹಾಕ್ಬೇಕಾಗುತ್ತೆ. ಪ್ಲಾಸ್ಟಿಕ್ ಹಾಳೆ ಅಗ್ಗ, ಆದ್ರೆ ಆಳದ ಗೋಡೆಗೆ ನಾನು ಹೇಳೋದು ಸ್ಮಾರ್ಟ್ ಮೆಂಬ್ರೇನ್, ಚಳಿಗಾಲದ ಒಣ ಗಾಳಿಯಲ್ಲಿ ಮುಚ್ಕೊಂಡು ಬೇಸಿಗೆಯಲ್ಲಿ ತೇವ ಬಂದಾಗ ತೆರ್ಕೊಳ್ಳೋ ಅಂಥದ್ದು, ಗೋಡೆ ಒಳಗಡೆಗೆ ಒಣಗೋಕೆ ದಾರಿ ಸಿಗುತ್ತೆ. ಇದರ ಟೇಪು, ಸ್ವಿಚ್ ಬಾಕ್ಸ್ ಸುತ್ತ ಸೀಲು, ಪ್ಲೇಟ್ ಅಡಿ ಸೀಲು, ಇವನ್ನ ಬಿಟ್ಟು ಬ್ಯಾಟಿಗೆ ಮಾತ್ರ ದುಡ್ಡು ಹಾಕಿದ್ರೆ ಕೊಡೆ ಹಿಡ್ಕೊಂಡು ಹೊಳೆಗೆ ಇಳಿದ ಹಾಗೆ.

ಇಳಿಜಾರು ಛಾವಣಿ ಇನ್ನೂ ಸೂಕ್ಷ್ಮ. ರಾಫ್ಟರ್, ಅಂದ್ರೆ ಛಾವಣಿ ಹೊರೋ ಇಳಿಜಾರು ಮರಗಳ ಮಧ್ಯೆ ಬ್ಯಾಟ್ ಹಾಕೋದಾದ್ರೆ ಮೇಲಿನ ಹಲಗೆಗೂ ಬ್ಯಾಟಿಗೂ ಮಧ್ಯೆ ಕಮ್ಮಿ ಅಂದ್ರೂ 1 ಇಂಚು ಗಾಳಿ ಹೋಗೋ ದಾರಿ ಬಿಡ್ಬೇಕು, ಅದನ್ನ ಅಮೆರಿಕದ ಮನೆಗಳ ಐಆರ್‌ಸಿ ಕೋಡೇ ಹೇಳುತ್ತೆ, ಸೂರಿನಿಂದ ಒಳಗೆ ಬಂದ ಗಾಳಿ ಛಾವಣಿ ನೆತ್ತಿ ಹತ್ರ ಹೊರಗೆ ಹೋಗ್ಬೇಕು. ಹಾಗಾಗಿ 2×10 ರಾಫ್ಟರಲ್ಲಿ ನಿಮಗೆ ಸಿಗೋದು 9.25 ಅಲ್ಲ, 8.25, ಅಂದ್ರೆ 7.25 ಇಂಚಿನ ಆರ್-30 ಬ್ಯಾಟ್ ಒಂದೇ ಹಾಕಿ 2 ಇಂಚು ದಾರಿ ಬಿಡೋದೇ ಸರಿ. 2×12ರಲ್ಲಿ 10.25 ಸಿಗುತ್ತೆ, 5.5 ಮತ್ತು 3.5 ಹಾಕಿ, ಆರ್-38, ಮೇಲೆ ಎರಡೂಕಾಲು ಇಂಚು ದಾರಿ. ಆ ದಾರಿಗೆ ಬ್ಯಾಫಲ್, ಅಂದ್ರೆ ದಾರಿ ಮುಚ್ಚದ ಹಾಗೆ ಬ್ಯಾಟನ್ನ ತಡೆಯೋ ಹಾಳೆ, ಹಾಕ್ಲೇಬೇಕು, ಇಲ್ಲಾಂದ್ರೆ ಬ್ಯಾಟ್ ತಳ್ತಾ ತಳ್ತಾ ಹಲಗೆಗೇ ಹೋಗಿ ಕೂರುತ್ತೆ. ಸೂರಿನ ಹತ್ರ ಹೊರಗಿನ ಗಾಳಿ ನೇರ ಬ್ಯಾಟ್ ತುದಿಗೆ ಹೊಡೆಯುತ್ತೆ, ಅಲ್ಲಿ ಹಗುರ ಫೈಬರ್‌ಗ್ಲಾಸ್ ಒಳಗೆ ಗಾಳಿ ಹೊಕ್ಕು ಬಿಸಿ ತೊಳ್ಕೊಂಡು ಹೋಗುತ್ತೆ, ಒತ್ತಾಗಿರೋ ಸ್ಟೋನ್ ವೂಲ್ ಇದಕ್ಕೆ ಚೆನ್ನಾಗಿ ತಡ್ಕೊಳ್ಳುತ್ತೆ. ಗಾಳಿ ದಾರಿನೇ ಬಿಡೋಕಾಗದ ಛಾವಣಿ ಇದ್ರೆ, ಚಪ್ಪಟೆ ಛಾವಣಿ ಥರದ್ದು, ಅಂಕಣನ ಬರೀ ಬ್ಯಾಟಲ್ಲಿ ತುಂಬಿ ಮುಚ್ಚಬೇಡಿ, ಸ್ಟೋನ್ ವೂಲ್ ಆಗ್ಲಿ ಯಾವುದೇ ಆಗ್ಲಿ. ಅಲ್ಲಿ ಹಲಗೆ ಮೇಲ್ಗಡೆ ಬೋರ್ಡ್ ಇನ್ಸುಲೇಶನ್ ಹಾಕಿ ಹಲಗೆಯನ್ನ ಬೆಚ್ಚಗೆ ಇಡ್ಬೇಕು, ಆಮೇಲೆ ಕೆಳಗೆ ಬ್ಯಾಟು, ಎಷ್ಟಕ್ಕೆ ಎಷ್ಟು ಅನ್ನೋದು ಹವಾಮಾನದ ಮೇಲೆ ನಿಂತಿದೆ, ಕೋಡಲ್ಲಿ ಅದಕ್ಕೆ ಪಟ್ಟಿನೇ ಇದೆ.

ನೆಲದ ಜಂತೆಗೆ ಹಾಕೋದಾದ್ರೆ ಸ್ಟೋನ್ ವೂಲಿನ ಬಿಗಿ ಕೆಲಸಕ್ಕೆ ಬರುತ್ತೆ, ಕೆಳಗಿಂದ ತಳ್ಳಿದ್ರೆ ನಿಲ್ಲುತ್ತೆ. ಆದ್ರೂ ಭಾರ ಜಾಸ್ತಿ, ಹಾಗಾಗಿ ಕೆಳಗೆ ತಂತಿ ಆಧಾರ ಕೊಡಿ, ಮತ್ತೆ ಬ್ಯಾಟ್ ಮೇಲಿನ ನೆಲಹಲಗೆಗೆ ತಾಗಿರ್ಬೇಕು, ಕೆಳಗೆ ಜೋತುಬಿದ್ರೆ ಮಧ್ಯದಲ್ಲಿ ತಣ್ಣನೆ ಗಾಳಿ ಓಡಾಡಿ ಕಾಲಿಗೆ ಚಳಿ ಹತ್ತುತ್ತೆ.

ಕೊಳ್ಳುವಾಗ ಆಗೋ ಎಡವಟ್ಟು ಮೂರು ಹೇಳ್ತೀನಿ. ಒಂದು, ಅಗಲ. ಮರದ ಸ್ಟಡ್ಡಿಗೆ ಮಾಡಿದ್ದು 15.25 ಇಂಚು ಇರುತ್ತೆ, 24 ಇಂಚಿನ ಅಂತರಕ್ಕೆ 23 ಇಂಚು. ಸ್ಟೀಲ್ ಸ್ಟಡ್ಡಿಗೆ ಅಂತ ಮಾಡಿರೋದು ಇದಕ್ಕಿಂತ ಅಗಲ, ಯಾಕಂದ್ರೆ ಅದು ಸ್ಟಡ್ಡಿನ ಪೊಳ್ಳಿನೊಳಗೂ ಹೋಗ್ಬೇಕು, ಅದನ್ನ ತಂದು ಮರದ ಅಂಕಣಕ್ಕೆ ತುರುಕಿದ್ರೆ ಹೊಟ್ಟೆ ಉಬ್ಬಿಸ್ಕೊಂಡು ಹಿಂದೆ ಖಾಲಿ ಬಿಡುತ್ತೆ. ಎರಡು, ಸೌಂಡಿಗೆ ಅಂತ ಮಾರೋ ಬ್ಯಾಟು. ಅದೂ ಸ್ಟೋನ್ ವೂಲೇ, ನೋಡೋಕೂ ಒಂದೇ ಥರ, ಆದ್ರೆ 3 ಇಂಚಿನ ದಪ್ಪದಲ್ಲಿ ಒಳಗೋಡೆಗೆ ಅಂತ ಬರೋದು, ಅದನ್ನ ಹೊರಗೋಡೆಗೆ ಹಾಕಿದ್ರೆ ಅರ್ಧ ಇಂಚು ಉಳಿಯುತ್ತೆ. ಒಳಗೋಡೆಗೆ ಮಾತ್ರ ಅದೇ ಸರಿ, ಬೆಡ್‌ರೂಮ್ ಬಾತ್‌ರೂಮ್ ಮಧ್ಯೆ ಹಾಕಿಸಿ, ಆದ್ರೆ ಬರೀ ಬ್ಯಾಟಿಂದ ಶಬ್ದ ನಿಲ್ಲಲ್ಲ, ಬಾಗಿಲಡಿ ಸಂದು ಇದ್ರೆ ಎಲ್ಲಾ ವ್ಯರ್ಥ. ಮೂರು, ಹೆಸರು. ಉತ್ತರ ಅಮೆರಿಕದಲ್ಲಿ 2018ಕ್ಕಿಂತ ಮುಂಚೆ ರಾಕ್ಸುಲ್ ಅಂತ ಇದ್ದ ಸ್ಟೋನ್ ವೂಲ್ ಕಂಪನಿನೇ ಈಗಿನ ರಾಕ್‌ವೂಲ್, ಹಳೇ ಡ್ರಾಯಿಂಗಲ್ಲಿ ಹಾಗೆ ಬರೆದಿದ್ರೆ ಗಾಬರಿ ಬೇಡ.

ಬೆಂಕಿ ವಿಷಯದಲ್ಲಿ ಸ್ಟೋನ್ ವೂಲ್ ನಿಜಕ್ಕೂ ಬೇರೆ ದರ್ಜೆ. 1000 ಡಿಗ್ರಿ ಸೆಲ್ಸಿಯಸ್ ದಾಟಿದ್ರೂ ಕರಗಲ್ಲ, ಗಾಜಿನ ಎಳೆ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ ಕುಸಿಯುತ್ತೆ. ಮರ ಹೇಗೂ ಉರಿಯೋದೇ, ಆದ್ರೆ ಪಕ್ಕದಲ್ಲಿ ಬ್ಯಾಟ್ ನಿಂತಿದ್ರೆ ಸ್ಟಡ್ಡಿನ ಪಕ್ಕಗಳಿಗೆ ಬೆಂಕಿ ತಲುಪೋಕೆ ತಡ ಆಗುತ್ತೆ, ಆ ತಡ ಆಗೋ ನಿಮಿಷಗಳಲ್ಲಿ ಮನೆಯೋರು ಹೊರಗೆ ಬರಬಹುದು. ಗ್ಯಾರೇಜ್ ಪಕ್ಕದ ಗೋಡೆ, ಎರಡು ಮನೆ ಮಧ್ಯದ ಗೋಡೆ, ಇಲ್ಲಿ ನಾನು ಬೇರೆ ಯಾವುದನ್ನೂ ನೋಡಲ್ಲ. ಪರಿಸರದ ದೃಷ್ಟಿಯಿಂದ ಮಾತ್ರ ಒಂದು ಮಾತು, ಕಲ್ಲು ಕರಗಿಸೋಕೆ ತುಂಬಾ ಇಂಧನ ಬೇಕು, ಹಾಗಾಗಿ ಕಾರ್ಬನ್ ಲೆಕ್ಕದಲ್ಲಿ ಸೆಲ್ಯುಲೋಸ್ ಮುಂದೆ ಇದು ನಿಲ್ಲಲ್ಲ, ಫೈಬರ್‌ಗ್ಲಾಸ್ ಮುಂದೆನೂ ಹೆಚ್ಚಾಗಿ ಹಿಂದೆನೇ. ಅದು ನಿಮಗೆ ಮುಖ್ಯ ಆದ್ರೆ ಸೆಲ್ಯುಲೋಸಿಗೆ ಹೋಗಿ.

ಹಾಕುವಾಗ ತುಂಬು ತೋಳಿನ ಅಂಗಿ, ಗ್ಲೌಸು, ಕನ್ನಡಕ, ಎನ್95 ಮಾಸ್ಕ್ ಇರ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2001ರಲ್ಲಿ ಪರಿಶೀಲಿಸಿ ಇನ್ಸುಲೇಶನ್‌ಗೆ ಬಳಸೋ ಗಾಜಿನ ಎಳೆ ಕಲ್ಲಿನ ಎಳೆ ಎರಡನ್ನೂ ಗುಂಪು 3ಕ್ಕೆ ಇಳಿಸ್ತು, ಅಂದ್ರೆ ಕ್ಯಾನ್ಸರ್ ತರುತ್ತೆ ಅಂತ ಹೇಳೋಕೆ ಸಾಕಷ್ಟು ಆಧಾರ ಇಲ್ಲ ಅಂತ. ಆದ್ರೆ ತುರಿಕೆ ಕೆಮ್ಮು ಇದ್ದೇ ಇರುತ್ತೆ, ತಲೆ ಮೇಲೆ ಕೈಯೆತ್ತಿ ಛಾವಣಿಗೆ ಹಾಕುವಾಗ ಪುಡಿ ನೇರ ಕತ್ತಿನೊಳಗೆ ಇಳಿಯುತ್ತೆ, ಕಾಲರ್ ಗುಂಡಿ ಹಾಕ್ಕೊಳ್ಳಿ.

ಆರ್ಡರ್ ಮಾಡುವಾಗ ಗೋಡೆ ವಿಸ್ತೀರ್ಣ ತಗೊಂಡು ಪ್ಯಾಕೆಟ್ ಮೇಲೆ ಬರೆದಿರೋ ಅಳತೆಯಿಂದ ಭಾಗಿಸಿ, ಎರಡು ಪದರ ಆದ್ರೆ ಎರಡು ದಪ್ಪಕ್ಕೂ ಬೇರೆ ಬೇರೆ ಲೆಕ್ಕ ಹಾಕಿ, ದಪ್ಪ ಜಾಸ್ತಿ ಆದ್ರೆ ಒಂದು ಪ್ಯಾಕೆಟಲ್ಲಿ ಬ್ಯಾಟ್ ಕಮ್ಮಿ ಬರುತ್ತೆ ಅನ್ನೋದು ಮರೀಬೇಡಿ. ಒಂದು ಪ್ಯಾಕೆಟ್ ಮಾತ್ರ ಮೊದಲು ತಂದು ಒಂದು ಅಂಕಣ ಪೂರ್ತಿ ತುಂಬಿ ನೋಡಿ, ಆಮೇಲೆ ಮಿಕ್ಕಿದ್ದು ತರಿಸಿ. ಸಂಜೆ ಲೈಟ್ ಆರಿಸಿ ಸ್ಟಡ್ ಪಕ್ಕಕ್ಕೆ ಟಾರ್ಚ್ ಹಿಡಿದು ಮೇಲಿಂದ ಕೆಳಗೆ ಬನ್ನಿ, ಸೀಳು ಇದ್ರೆ ಅಲ್ಲಿ ಕಪ್ಪು ಗೆರೆ ಕಾಣುತ್ತೆ, ಕತ್ತರಿಸಿ ಮಿಕ್ಕ ಚೂರಲ್ಲೇ ಒಂದು ಪಟ್ಟಿ ಕುಯ್ದು ಆ ಗೆರೆಗೆ ತೂರಿಸಿ. ಮೆಂಬ್ರೇನ್ ಹಾಕೋಕೆ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು ಒಂದು ಫೋಟೋ ತೆಗೆದಿಟ್ಕೊಳ್ಳಿ, ವೈರ್ ಎಲ್ಲಿದೆ ಪೈಪ್ ಎಲ್ಲಿದೆ ಅಂತ ಮುಂದೆ ಮೊಳೆ ಹೊಡೆಯೋರಿಗೆ ಬೇಕಾಗುತ್ತೆ.